ಸೂಗಮ್ಮನಿಗೆ ಓದಲು ಬರುತ್ತಿರಲಿಲ್ಲ

ಮಾನ್ಯರೇ,

ಹೊಸ ಔಷಧಗಳನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡಲು ಒಪ್ಪಿಗೆ ಕೊಡುವ ಕುರ್ಚಿಯಲ್ಲಿ ತಾವು ಕುಳಿತಿದ್ದೀರಿ. ಕಳೆದ ತಿಂಗಳು ತಮ್ಮ ಕಚೇರಿಯಿಂದ ನನಗೊಂದು ಉತ್ತರ ಬಂತು. ಅದರ ಮೂರನೆಯ ಪ್ಯಾರಾದಲ್ಲಿ ಹೀಗಿದೆ: "ಸದರಿ ಮಹಿಳೆಯು ಸಾಕ್ಷರರಾಗಿದ್ದು, ಒಪ್ಪಿಗೆ ಪತ್ರದಲ್ಲಿನ ವಿವರಗಳನ್ನು ಅರ್ಥ ಮಾಡಿಕೊಂಡು ಸ್ವತಃ ಸಹಿ ಮಾಡಿರುತ್ತಾರೆ. ಆದ್ದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಈ ಮಾತು ಸುಳ್ಳು. ಸದರಿ ಮಹಿಳೆಗೆ ಸೂಗಮ್ಮ ಎಂಬ ಹೆಸರಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದದ್ದು ಮೂರೇ ಅಕ್ಷರ: ಸೂ, ಗ, ಮ್ಮ. ಆ ಮೂರು ಅಕ್ಷರ ಕಲಿಸಿದವಳು ನಾನು. ಆ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದು ಅವಳಿಗೆ ಓದಿ ಹೇಳಿದವಳೂ ನಾನೇ. ಹಾಗಾಗಿ ಅವಳ ಸಾಕ್ಷರತೆಯ ವಿಷಯದಲ್ಲಿ ತಮಗಿಂತ ಒಂದಿಷ್ಟು ಹೆಚ್ಚು ಅಧಿಕಾರದಿಂದ ಮಾತನಾಡಬಲ್ಲೆ ಎಂದು ಭಾವಿಸಿದ್ದೇನೆ.

ತಮಗೆ ಈ ಏಪ್ರಿಲ್‌ನಿಂದ ನಾಲ್ಕು ಪತ್ರ ಬರೆದೆ. ಲಕೋಟೆಯಲ್ಲಿ ಹೋದದ್ದು ತಮ್ಮ ಕಡತದೊಳಗೆ ಮಲಗಿಬಿಡುತ್ತದೆ ಎಂದು ತಿಳಿದ ಮೇಲೆ ಐದನೆಯದನ್ನು ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಕೊಡುತ್ತಿದ್ದೇನೆ. ಇದರಲ್ಲಿ ತಮ್ಮ ಮೇಲೆ ಆರೋಪವಿದೆ. ನನ್ನ ಮೇಲೂ ಇದೆ. ಹಿಂದಿನ ನಾಲ್ಕರಲ್ಲಿ ಆ ಎರಡನೆಯ ಭಾಗವನ್ನು ನಾನು ಬಿಟ್ಟಿದ್ದೆ. ಆ ಪತ್ರಗಳು ತಮಗೆ ತಾಗದೆ ಹೋದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಮಸ್ಕಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸೂಗಮ್ಮ ಅದೇ ಶಾಲೆಯ ಆಯಾ. ಗಂಟೆ ಹೊಡೆಯುವುದು, ನೀರು ತುಂಬುವುದು, ಮುಟ್ಟಾದ ಹುಡುಗಿಯರನ್ನು ಗುಟ್ಟಾಗಿ ಮನೆಗೆ ಕರೆದೊಯ್ದು ಬಿಟ್ಟು ಬರುವುದು, ಎಲ್ಲ ಅವಳೇ. ಹದಿನೆಂಟು ವರ್ಷ ನಾವಿಬ್ಬರೂ ಪ್ರಯೋಗಾಲಯದ ಹಿಂದಿನ ಬೇವಿನ ಮರದ ಕೆಳಗೆ ಕುಳಿತು ಮಧ್ಯಾಹ್ನದ ಬುತ್ತಿ ಬಿಚ್ಚಿದ್ದೇವೆ. ಅವಳ ಪುಂಡಿಪಲ್ಯ ನನಗೆ, ನನ್ನ ಮೊಸರು ಅವಳಿಗೆ. ದಪ್ಪ ಹೆಣ್ಣುಮಗಳು. ಕುಳಿತರೆ ಏಳಲು ನನ್ನ ಕೈ ಹಿಡಿಯಬೇಕಾಗುತ್ತಿತ್ತು, ಎದ್ದ ಮೇಲೆ ಅದಕ್ಕಾಗಿ ಜೋರಾಗಿ ನಗುತ್ತಿದ್ದಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಆದಮ್ಮನನ್ನು ಜವಳಗೇರಾಕ್ಕೆ ಕೊಟ್ಟಿದ್ದಳು. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಬಲಗಾಲ ಹೆಬ್ಬೆರಳಿನ ಪಕ್ಕದ ಗಾಯ ಮಾಯದೆ, ಚಪ್ಪಲಿಯ ಒಂದು ಪಟ್ಟಿ ಕತ್ತರಿಸಿ ಹಾಕಿಕೊಂಡು ಓಡಾಡುತ್ತಿದ್ದಳು.

ಸಾಕ್ಷರತಾ ಆಂದೋಲನ ಬಂದ ವರ್ಷ ನಾನು ಅವಳನ್ನು ಹಿಡಿದು ಕೂರಿಸಿದೆ. ಒಂದೂವರೆ ತಿಂಗಳು ಕಷ್ಟಪಟ್ಟು ಹೆಸರು ಬರೆಯುವುದನ್ನು ಕಲಿತಳು. ಮುಂದಿನ ಪಾಠಕ್ಕೆ ಕೈಮುಗಿದಳು. "ಸಾಕ್ರೀ ಅಕ್ಕೋರ. ಪಗಾರದ ದಿನ ಹೆಬ್ಬಟ್ಟಿಗೆ ಮಸಿ ಹಚ್ಕೊಳ್ಳೋದು ತಪ್ಪಿತಲ್ಲ, ನನಗಷ್ಟs ಬೇಕಾಗಿತ್ತು. ಉಳಿದದ್ದು ಓದಾಕ ನೀವದೀರಿ." ಆಂದೋಲನದವರು ಅವಳಿಗೂ ಒಂದು ಪ್ರಮಾಣಪತ್ರ ಕೊಟ್ಟರು. ನನ್ನ ಲೆಕ್ಕಕ್ಕೂ ಒಬ್ಬಳು ಸೇರಿದಳು. ಇಂದು ತಾವು ಹೇಳುವ ಸಾಕ್ಷರತೆಯ ಇತಿಹಾಸ ಇಷ್ಟೇ.

ಕಳೆದ ವರ್ಷ, ಸಾವಿರದ ಒಂಬೈನೂರ ತೊಂಬತ್ತೆಂಟರ ಜೂನ್‌ನಲ್ಲಿ, ಲಿಂಗಸುಗೂರಿನ ಡಾಕ್ಟರೊಬ್ಬರು ನನಗೆ ಹೇಳಿ ಕಳಿಸಿದರು. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಮೇಜಿನ ಮೇಲೆ ಇಂಗ್ಲಿಷಿನ ಎಂಟು ಪುಟಗಳಿದ್ದವು. ಒಂದು ಔಷಧ ಕಂಪನಿ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ತಯಾರಿಸಿದೆ, ದಪ್ಪನೆಯ ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿ ನೋಡಬೇಕಾಗಿದೆ, ತಮ್ಮ ಒಪ್ಪಿಗೆ ಸಿಕ್ಕಿದೆ, ರೋಗಿಗಳ ಒಪ್ಪಿಗೆಯೊಂದು ಬಾಕಿಯಿದೆ ಎಂದರು. ಮಾತ್ರೆಗೆ ಇನ್ನೂ ಹೆಸರಿರಲಿಲ್ಲ, ಒಂದು ನಂಬರಿತ್ತು.

"ಟೀಚರ್, ಇದು ಮೊದಲಿನ ಗುಳಿಗಿಗಳಂಗ ಅಲ್ಲ," ಎಂದು ಡಾಕ್ಟರು ವಿವರಿಸಿದರು. "ಅವು ಇನ್ಸುಲಿನ್ ಹೆಚ್ಚು ಹೊರಡಿಸ್ತಾವ. ಇದು ಜೀವಕೋಶದ ಒಳಗ ಹೊಕ್ಕು, ನ್ಯೂಕ್ಲಿಯಸ್‌ನಾಗ ಕುಂತಿರೋ ರಿಸೆಪ್ಟರನ್ನ, ಒಂದು ಬಾಗಿಲಿನಂಗ ಇರೋದನ್ನ, ತಟ್ಟಿ ಎಬ್ಬಿಸ್ತದ. ನ್ಯೂಕ್ಲಿಯರ್ ರಿಸೆಪ್ಟರ್ ಅಂತಾರ. ಅದು ಎದ್ರ ಇದ್ದ ಇನ್ಸುಲಿನ್ನs ಕೆಲಸ ಮಾಡಾಕ ಸುರು ಮಾಡ್ತದ. ಮುಂದ ಮೈ ಕರಗಿಸೋ ಔಷಧಾನೂ ಇದರಾಗಿಂದs ಬರ್ತದ, ನೋಡ್ತಿರ್ರಿ."

ಅವರ ಕಣ್ಣಿನಲ್ಲಿ ದುಡ್ಡಿನ ಆಸೆ ಇರಲಿಲ್ಲ, ನಂಬಿಕೆ ಇತ್ತು. ಇದನ್ನು ನ್ಯಾಯಕ್ಕಾಗಿ ಬರೆಯುತ್ತಿದ್ದೇನೆ. ಕಾಲು ಕೊಳೆತು ಕತ್ತರಿಸಿಕೊಂಡವರನ್ನು ಅವರು ಬಹಳ ನೋಡಿದ್ದರು. ನನಗೂ ರೋಮಾಂಚನವಾಯಿತು. ಒಂಬತ್ತನೆಯ ತರಗತಿಗೆ ಜೀವಕೋಶದ ಚಿತ್ರ ಬರೆದು ನಡುವೆ ಕೋಶಕೇಂದ್ರವೆಂದು ಒಂದು ಚುಕ್ಕೆ ಇಡುವವಳು ನಾನು. ಆ ಚುಕ್ಕೆಯೊಳಗೆ ಹೊಕ್ಕು ಕೆಲಸ ಮಾಡುವ ಮಾತ್ರೆ ನಮ್ಮ ಲಿಂಗಸುಗೂರಿಗೆ ಬಂದಿದೆ! ರಾಜಸ್ಥಾನದಲ್ಲಿ ಅಣುಬಾಂಬು ಸಿಡಿಸಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಎಂಟು ಪುಟ ಕನ್ನಡ ಮಾಡುವಾಗ 'ನ್ಯೂಕ್ಲಿಯರ್' ಎಂಬುದನ್ನು ಹೇಗೆ ಬರೆದರೂ ಜನಕ್ಕೆ ಬಾಂಬೇ ನೆನಪಾಗುತ್ತದೆಂದು ಆ ಶಬ್ದವನ್ನೇ ಕೈಬಿಟ್ಟು, ಕಾಲುವೆಯ ಹೋಲಿಕೆ ಕೊಟ್ಟೆ. ಕಾಲುವೆಯಲ್ಲಿ ನೀರು ತುಂಬಿದೆ, ಆದರೆ ಹೊಲದ ತೂಬಿಗೆ ಹೂಳು ಕಟ್ಟಿದೆ. ಹಳೆಯ ಮಾತ್ರೆ ಕಾಲುವೆಗೆ ಇನ್ನಷ್ಟು ನೀರು ಬಿಡುತ್ತದೆ, ಹೊಸದು ತೂಬಿನ ಹೂಳು ತೆಗೆಯುತ್ತದೆ. ಡಾಕ್ಟರು ಓದಿ, "ಎಷ್ಟು ಚೆಂದ ಬರದೀರಿ ಟೀಚರ್! ಹಿಂಗ ನಮಗ ಕಾಲೇಜಿನಾಗೂ ಯಾರೂ ಹೇಳಿರಲಿಲ್ಲ" ಎಂದರು. ಆ ಹೊಗಳಿಕೆಗೆ ನಾನು ಎಷ್ಟು ಹಿಗ್ಗಿದೆನೆಂದರೆ, ಮುಂದೆ ನಡೆದದ್ದರ ಕಾಲುಭಾಗಕ್ಕೆ ಅದೇ ಕಾರಣ.

ಆರನೆಯ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ನಾನು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದೆ: "ಈ ಗುಂಪಿನ ಔಷಧವನ್ನು ಸೇವಿಸಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ತೀವ್ರ ಹಾನಿಯಾಗಿದೆ. ಕೆಲವರು ಮರಣ ಹೊಂದಿದ್ದಾರೆ. ವಾಂತಿ, ಮೈತುರಿಕೆ, ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆಯನ್ನು ಅಂದೇ ನಿಲ್ಲಿಸಬೇಕು. ಪ್ರತಿ ತಿಂಗಳು ರಕ್ತ ಪರೀಕ್ಷೆ ಕಡ್ಡಾಯ."

"ಇದನ್ನ ಹಿಂಗs ಓದಿದ್ರ ಒಬ್ರೂ ಕೂಡಂಗಿಲ್ರೀ," ಎಂದರು ಡಾಕ್ಟರು. "ಸಾವು ಅನ್ನೋ ಮಾತು ಕೇಳಿದ್ರ ಎದ್ದು ಬಸ್ ಹಿಡೀತಾರ. ಹೊರದೇಶದಾಗ ಲಕ್ಷಗಟ್ಟಲೆ ಜನ ತಿಂದಾರ, ಎಲ್ಲೋ ಹತ್ತಿಪ್ಪತ್ತು ಮಂದಿಗೆ ಆಗ್ಯಾದ. ರಕ್ತ ನೋಡ್ತಿರ್ತೀವಲ್ಲ, ನಮಗ ಮೊದಲs ತಿಳೀತದ. ಸ್ವಲ್ಪ ಮೆತ್ತಗ ಮಾಡ್ರಿ."

ಮೆತ್ತಗೆ ಮಾಡುವ ಶಬ್ದವನ್ನು ಹುಡುಕಿಕೊಟ್ಟವಳು ನಾನು. ನಮ್ಮ ಪಠ್ಯಪುಸ್ತಕದಲ್ಲಿ ಆ ಅಂಗದ ಹೆಸರು ಪಿತ್ತಜನಕಾಂಗ. ಅದರ ಕೊನೆಯ ನಾಲ್ಕಕ್ಷರ ಕಳೆದು ಎರಡಕ್ಷರ ಉಳಿಸಿದೆ. "ಕೆಲವರಿಗೆ ಪಿತ್ತಕ್ಕೆ ಸಂಬಂಧಿಸಿದ ಸಣ್ಣಪುಟ್ಟ ತೊಂದರೆ ಕಾಣಿಸಿಕೊಳ್ಳಬಹುದು, ಗಾಬರಿಯಾಗಬೇಕಿಲ್ಲ." ಡಾಕ್ಟರು ಮೇಜು ತಟ್ಟಿದರು. ನನಗೂ ಅದೊಂದು ಜಾಣತನವೆನಿಸಿತು. ಸುಳ್ಳಂತೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪಿತ್ತ ಯಾರಿಗಿಲ್ಲ? ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ. ಲಿಂಬೆಹಣ್ಣಿನ ಪಾನಕಕ್ಕೆ ಇಳಿದುಹೋಗುವ ಆ ಪಿತ್ತವನ್ನು ನಾನು ಸಾವು ಎಂಬ ಶಬ್ದ ಇದ್ದ ಜಾಗದಲ್ಲಿ ಕೂರಿಸಿದೆ.

ತಾವು ಕೇಳಬಹುದು, ಹೀಗೆ ತಿದ್ದಿದ್ದು ನಮಗೆ ಹೇಗೆ ತಿಳಿಯಬೇಕು ಎಂದು. ಆ ಕನ್ನಡ ಪ್ರತಿಯನ್ನು ತಮ್ಮ ಕಚೇರಿಗೂ ಕಳಿಸಲಾಗಿತ್ತಲ್ಲವೇ? ಅದರ ಮೇಲೆ ತಮ್ಮ ದುಂಡನೆಯ ಮುದ್ರೆ ಬಿದ್ದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷನ್ನೂ ಕನ್ನಡವನ್ನೂ ಅಕ್ಕಪಕ್ಕ ಇಟ್ಟು ಓದುವ ಒಬ್ಬ ಗುಮಾಸ್ತ ಅಷ್ಟು ದೊಡ್ಡ ಕಟ್ಟಡದಲ್ಲಿ ಇರಲಿಲ್ಲವೇ? ನಮ್ಮ ಹತ್ತನೆಯ ತರಗತಿಯ ಹುಡುಗಿಯರ ಕೈಗೆ ಕೊಟ್ಟಿದ್ದರೂ ಅರ್ಧ ಗಂಟೆಯಲ್ಲಿ ಆ ವ್ಯತ್ಯಾಸ ಹಿಡಿಯುತ್ತಿದ್ದರು. ಮುದ್ರೆ ಒತ್ತುವ ಕೈಗೆ ಓದುವ ಕಣ್ಣು ಬೇಕಿಲ್ಲವೆಂದಾದರೆ, ಮಾನ್ಯರೇ, ತಮ್ಮ ಕಚೇರಿಯಲ್ಲೂ ಒಂದು ಸಾಕ್ಷರತಾ ಆಂದೋಲನ ನಡೆಯಬೇಕಾಗುತ್ತದೆ.

ಜುಲೈಯ ಮೂರು ಭಾನುವಾರ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ನಾನೇ ನಿಂತು ಓದಿದೆ. ಕಂಪನಿಯವರು ತಂದ ಚಹಾ, ಬಿಸ್ಕೀಟು ಇದ್ದವು. ಸಿಂಧನೂರಿನಲ್ಲಿ ಜವಳಗೇರಾದ ಪಕೀರಪ್ಪನೆಂಬ ರೈತ ಎದ್ದು ನಿಂತ. ಐವತ್ತೈದರ ಆಸುಪಾಸು, ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. "ಎಲ್ಲಾ ಚಲೋ ಹೇಳಿದ್ರಿ ಅಕ್ಕೋರ. ಇದನ್ನ ತಿಂದು ಯಾರಿಗಾರ ಜೀವಕ್ಕ ಏನಾರ ಆಗ್ಯಾದೇನ್ರಿ? ಅಷ್ಟು ಹೇಳ್ರಿ ಸಾಕು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಾಗದ ನೋಡಿದೆ. "ಸ್ವಲ್ಪ ಪಿತ್ತ ಆಗಬಹುದು ಅಂತ ಬರೆದಾರ," ಎಂದೆ. 'ಬರೆದಾರ' ಎಂದೆ, ಮಾನ್ಯರೇ. ಯಾರೋ ಬರೆದಿರುವ ಹಾಗೆ.

ನಲವತ್ತೊಂದು ಜನ ಒಪ್ಪಿದರು. ನಲವತ್ತೊಂದು ಕಾಗದಗಳ ಕೆಳಗೆ "ಅರ್ಥವಾಗುವಂತೆ ಓದಿ ಹೇಳಲಾಗಿದೆ" ಎಂಬ ಸಾಲಿನ ಮುಂದೆ ಸಾಕ್ಷಿ ಎಂದು ನಾನು ಸಹಿ ಮಾಡಿದೆ. ಹೆಚ್ಚಿನವರು ಹೆಬ್ಬೆಟ್ಟು ಒತ್ತಿದರು. ಮಸ್ಕಿಯಲ್ಲಿ ಸೂಗಮ್ಮನ ಸರದಿ ಬಂದಾಗ ಮಸಿಯ ಡಬ್ಬಿಯನ್ನು ಬದಿಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಎಲ್ಲರೂ ನೋಡುವಂತೆ ಪೆನ್ನು ಹಿಡಿದಳು. ನಾಲಿಗೆ ತುಸು ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಬರೆದಳು. ನನ್ನ ಕಡೆ ತಿರುಗಿ, "ಬರೋಬರಿ ಅದs ಅಕ್ಕೋರ?" ಎಂದು ಕೇಳಿದಳು. ಬರೋಬರಿ ಇದೆ ಎಂದೆ.

ಆಗಸ್ಟಿನಿಂದ ಮಾತ್ರೆ ಶುರುವಾಯಿತು. ಮಾತ್ರೆ ಕೆಲಸ ಮಾಡಿತು. ಇದನ್ನೂ ಮುಚ್ಚಿಡಲಾರೆ. ಅಕ್ಟೋಬರಿನ ಹೊತ್ತಿಗೆ ಅವಳ ರಕ್ತದ ಸಕ್ಕರೆ ಅರ್ಧಕ್ಕೆ ಇಳಿಯಿತು, ಕಾಲಿನ ಗಾಯ ಒಣಗಿ ಹೊಸ ಚರ್ಮ ಬಂತು. ಎಷ್ಟೋ ಕಾಲದ ಮೇಲೆ ಪಟ್ಟಿ ಕತ್ತರಿಸದ ಚಪ್ಪಲಿ ಮೆಟ್ಟಿಕೊಂಡು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಲು ಮುಂದೆ ಮಾಡಿ ತೋರಿಸಿದಳು. ಮೈ ಕರಗುವ ಬದಲು ಊದತೊಡಗಿತ್ತು, ಅದಕ್ಕೂ ನಕ್ಕಳು: "ಕರಗಿಸ್ತದ ಅಂದಿದ್ರಿ, ನಾ ನೋಡ್ರಿ ಹೆಂಗ ಉಬ್ಬಾಕತ್ತೀನಿ. ಇನ್ನ ನನ್ನ ಎಬ್ಬಸಾಕ ಇಬ್ಬರು ಬೇಕು." ಲಿಂಗಸುಗೂರಿನ ಲ್ಯಾಬಿನಿಂದ ಅಲ್ಲಾಭಕ್ಷ್ ಎಂಬವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಐಸಿನ ಫ್ಲಾಸ್ಕ್ ಹಿಡಿದು ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಬಂದರು. ಡಿಸೆಂಬರಿನಲ್ಲಿ ಬರಲಿಲ್ಲ, ಜನವರಿಯಲ್ಲೂ ಬರಲಿಲ್ಲ. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕೆಂದು ಕಂಪನಿ ತಿಳಿಸಿತ್ತಂತೆ. ಆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು? ತಮ್ಮ ನಾಲ್ಕು ಉತ್ತರಗಳಲ್ಲಿ ಒಂದರಲ್ಲೂ ಈ ಪ್ರಶ್ನೆಯ ನೆರಳೂ ಬಿದ್ದಿಲ್ಲ.

ಈ ಫೆಬ್ರುವರಿಯ ಮೊದಲ ದಿನಗಳಲ್ಲಿ ಅವಳು ಬುತ್ತಿ ಬಿಚ್ಚುವುದನ್ನು ಬಿಟ್ಟಳು. ಎರಡು ಸಲ ನಲ್ಲಿಯ ಬಳಿ ವಾಂತಿ ಮಾಡಿಕೊಂಡಳು. ನಾನು ಬೆನ್ನು ನೀವಿದೆ.

"ಏನಿಲ್ರೀ, ಪಿತ್ತ ಆಗ್ಯಾದ. ಕಾಗದದಾಗ ಬರೆದಿತ್ತಲ್ರಿ, ನೀವs ಓದಿದ್ರಿ," ಎಂದಳು. ಆಮೇಲೆ, "ಗುಳಿಗಿ ಬಿಡ್ಲೇನ್ರಿ ಅಕ್ಕೋರ?" ಎಂದು ಕೇಳಿದಳು.

"ಬಿಡಬ್ಯಾಡ ಸೂಗವ್ವಾ. ಕಾಲು ಈಗಷ್ಟ ಮಾಯ್ದದ. ಜೀರಿಗಿ ಕಷಾಯ ಕುಡಿ, ಡಾಕ್ಟರ್ ಬಂದಾಗ ಕೇಳೂಣು," ಎಂದೆ.

ಆರನೆಯ ಪುಟದ ಆ ನಿಜವಾದ ವಾಕ್ಯ ಈ ಮೂರೂರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಡಾಕ್ಟರಿಗೆ ಮತ್ತು ನನಗೆ. ಅದರ ಲಕ್ಷಣಗಳ ಸಾಲಿನಲ್ಲಿ ವಾಂತಿ ಎಂಬುದೇ ಮೊದಲ ಶಬ್ದವಾಗಿತ್ತು. ಅದನ್ನು ನನ್ನ ಕೈಯಾರೆ ಬರೆದಿದ್ದೆ. ಆದರೂ ಆ ಹೊತ್ತಿನಲ್ಲಿ ಅದು ನನಗೆ ನೆನಪಾಗಲಿಲ್ಲ. ಮೂರು ಭಾನುವಾರ ನಲವತ್ತೊಂದು ಜನರಿಗೆ ಪಿತ್ತ ಪಿತ್ತ ಎಂದು ಓದಿ ಓದಿ, ನಾನು ಹೊಸೆದ ಸುಳ್ಳನ್ನು ಮೊದಲು ನಂಬಿದವಳು ನಾನೇ ಆಗಿದ್ದೆ. ಹತ್ತೊಂಬತ್ತು ದಿನ ಅವಳು ಜೀರಿಗೆ ಕಷಾಯ ಕುಡಿದಳು. ಹತ್ತೊಂಬತ್ತು ಮಾತ್ರೆಯನ್ನೂ ನುಂಗಿದಳು.

ಇಪ್ಪತ್ತನೆಯ ದಿನ ಬೇವಿನ ನೆರಳಿನಿಂದ ಬಿಸಿಲಿಗೆ ಸರಿದು ಕುಳಿತಾಗ ಅವಳ ಕಣ್ಣು ನೋಡಿದೆ. ಹಳದಿಯಾಗಿದ್ದವು. "ಉಚ್ಚಿ ಯಾವ ಬಣ್ಣ ಹೋಗಾಕತ್ತದ?" ಎಂದು ಕೇಳಿದೆ. ನಾಚಿಕೊಂಡು ಮುಖ ತಿರುಗಿಸಿ, "ಚಹಾದ ಡಿಕಾಕ್ಷನ್ನಿನಂಗ್ರಿ. ಎಂಟು ದಿನಾತು. ಇಂಥಾದ್ದೇನು ಹೇಳೂದು ಅಂತ ಸುಮ್ಮನಿದ್ದೆ" ಎಂದಳು. ಆಗ ಆರನೆಯ ಪುಟ ಪೂರ್ತಿಯಾಗಿ, ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ರಜೆಯ ಅರ್ಜಿ ಕೂಡ ಬರೆಯದೆ ಅವಳನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ತಮ್ಮದೇ ಕಾರಿನಲ್ಲಿ ರಾಯಚೂರಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಸೂಗಮ್ಮ ಒಬ್ಬಳೇ ಮಾತಾಡಿದಳು, ಕಾರಿನ ಮೆತ್ತನೆಯ ಸೀಟಿನ ಬಗ್ಗೆ.

ರಾಯಚೂರಿನ ಆಸ್ಪತ್ರೆಯಲ್ಲಿ ಅವಳು ಆರು ದಿನ ಇದ್ದಳು. ಜವಳಗೇರಾದಿಂದ ಆದಮ್ಮ ಬಂದಳು. ಅಲ್ಲಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಬೆಳಗ್ಗೆ ಬಂದವರೇ ಒಂದು ಬಿಳಿ ಹಾಳೆ ಕೊಟ್ಟು, "ಹೆಸರು ಬರೀರಿ ಅವ್ವಾ" ಎಂದರು. ಏಕೆಂದು ನಾನು ಹೊರಗೆ ಬಂದು ಕೇಳಿದೆ. ಪಿತ್ತಜನಕಾಂಗ ಕೈಕೊಟ್ಟಾಗ ವಿಷ ಮೆದುಳಿಗೆ ಏರುತ್ತದೆ, ಎಷ್ಟು ಏರಿದೆ ಎಂಬುದನ್ನು ಬರವಣಿಗೆ ತೋರಿಸುತ್ತದೆ ಎಂದರು. ಮೊದಲ ದಿನ ಸೂಗಮ್ಮ ಹೆಸರನ್ನು ದುಂಡಗೆ ಬರೆದು, "ಬರೋಬರಿ ಅದs?" ಎಂದು ಆ ಡಾಕ್ಟರಮ್ಮನನ್ನೂ ಕೇಳಿದಳು. ಎರಡನೆಯ ದಿನ 'ಸೂ' ಬರೆದು, ಅದರ ಮೇಲೆಯೇ 'ಗ' ಬರೆದಳು. ಮೂರನೆಯ ದಿನ ಒಂದು ಗೆರೆ ಎಳೆದಳು, ಅದು ಹಾಳೆ ದಾಟಿ ಹಾಸಿಗೆಯ ಮೇಲೆ ಹೋಯಿತು. ನಾಲ್ಕನೆಯ ದಿನ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಇದೇನೆಂಬಂತೆ ನೋಡುತ್ತ ಕುಳಿತಳು. ನಾನು ಒಂದೂವರೆ ತಿಂಗಳು ಕೈಹಿಡಿದು ತಿದ್ದಿಸಿದ್ದನ್ನು ತಾವು ಒಪ್ಪಿಗೆ ಕೊಟ್ಟ ಮಾತ್ರೆ ಮೂರು ದಿನದಲ್ಲಿ ಅಳಿಸಿ ಹಾಕಿತು.

ಆ ಸಂಜೆ ಅವಳು ನನ್ನನ್ನು ಗುರುತಿಸಲಿಲ್ಲ. ಎದ್ದು ಕೂರಲು ಹೊಯ್ದಾಡುತ್ತ, "ಬಿಡ್ರೆವ್ವಾ, ನಾಕು ಆಗ್ಯಾದ, ಗಂಟಿ ಹೊಡೀಬೇಕು. ಹುಡುಗ್ಯಾರು ಕಾಯಾಕತ್ತಾರ" ಎಂದು ಕೈ ಬೀಸಿದಳು. ಆದಮ್ಮ ಅವಳ ಕೈ ಒತ್ತಿ ಹಿಡಿದು, "ಹೊಡದಾರ ಬೇ, ಗಂಟಿ ಹೊಡದಾರ, ನೀ ಮಲಕೋ" ಎಂದಳು. ಫೆಬ್ರುವರಿ ಇಪ್ಪತ್ತೇಳರ ಬೆಳಗಿನ ಹತ್ತು ಗಂಟೆಗೆ ಸೂಗಮ್ಮ ತೀರಿಕೊಂಡಳು. ಸಾವಿನ ಚೀಟಿಯಲ್ಲಿ ಕಾಮಾಲೆ ಎಂದು ಬರೆದರು. ಮಾತ್ರೆಯ ಸುದ್ದಿ ಅದರಲ್ಲಿಲ್ಲ.

ಮಣ್ಣಾದ ಮೂರನೆಯ ದಿನ ಆದಮ್ಮ ನನ್ನನ್ನು ಕೇಳಿದಳು. ಅವಳ ಸ್ವರದಲ್ಲಿ ಸಿಟ್ಟೂ ಇರಲಿಲ್ಲ. "ಅಕ್ಕೋರ, ಅವ್ವಗ ನೀವs ಓದಿ ಹೇಳಿದ್ರಿ ಅಲ್ರಿ? ಅದರಾಗ ಹಿಂಗ ಆಗ್ತದಂತ ಇದ್ದಿಲ್ಲೇನ್ರಿ?" ನಾನು ತಲೆ ಅಲ್ಲಾಡಿಸಿದೆ. ಇರಲಿಲ್ಲ ಎಂದು ಅವಳು ತಿಳಿದುಕೊಂಡಳು. ಹಾಗೆ ತಿಳಿಯಲಿ ಎಂದು ನಾನೂ ಬಿಟ್ಟೆ. ಆದಮ್ಮ, ಈ ಪತ್ರಿಕೆಯನ್ನು ಯಾರಾದರೂ ನಿನಗೆ ಓದಿ ಹೇಳಿದರೆ ಕೇಳು. ಇತ್ತು. ಅದರಲ್ಲಿ ಹಾಗೆ ಇತ್ತು.

ಅಂದಿನಿಂದ ನನಗೊಂದು ಧ್ವನಿ ಕೇಳುತ್ತದೆ. ಸತ್ತವರ ಧ್ವನಿ ಕೇಳುತ್ತದೆ ಎಂದು ಜನ ಹೇಳುವುದುಂಟು. ನನಗೆ ಕೇಳುವುದು ನನ್ನ ಧ್ವನಿಯೇ. ಸ್ಪಷ್ಟವಾಗಿ, ಒತ್ತಕ್ಷರ ತಪ್ಪದೆ, ಹಿಂದಿನ ಸಾಲಿಗೂ ಮುಟ್ಟುವಂತೆ ಓದುತ್ತಿರುತ್ತದೆ. ಒಲೆಯ ಮುಂದೆ ಕೇಳುತ್ತದೆ, ಬಸ್ಸಿನ ಗದ್ದಲದಲ್ಲೂ ಕೇಳುತ್ತದೆ. ಈ ಆಗಸ್ಟಿನಲ್ಲಿ ಒಂಬತ್ತನೆಯ ತರಗತಿಗೆ ಜೀರ್ಣಾಂಗಗಳ ಪಾಠ ಬಂತು. ಹಲಗೆಯ ಮೇಲೆ 'ಪಿತ್ತ' ಎಂದು ಬರೆದು, ಮುಂದಿನ ನಾಲ್ಕಕ್ಷರ ಬರೆಯಲು ಕೈ ಏಳಲಿಲ್ಲ. ಆ ಪಾಠವನ್ನು ಬೇರೆ ಶಿಕ್ಷಕಿಗೆ ಒಪ್ಪಿಸಿ ಬಂದೆ.

ಮಾರ್ಚಿನಲ್ಲಿ ಕಂಪನಿಯ ಜೀಪು ಬಂದು, ಉಳಿದ ಮಾತ್ರೆಗಳನ್ನು ಜನರಿಂದ ವಾಪಸು ಪಡೆಯಿತು. ಸ್ಟಾಕು ಮುಗಿದಿದೆ ಎಂದರಂತೆ. ಸ್ಟಾಕು ಮುಗಿದಿದ್ದರೆ ಇದ್ದದ್ದನ್ನು ಯಾಕೆ ಕಿತ್ತುಕೊಳ್ಳುತ್ತಾರೆ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಪ್ಪಿಗೆ ಪತ್ರಗಳೂ ಹೆಸರಿನ ಪಟ್ಟಿಯೂ ಅದೇ ಜೀಪಿನಲ್ಲಿ ಹೋದವು. ಡಾಕ್ಟರು ಒಮ್ಮೆ ಶಾಲೆಗೆ ಬಂದು, ಕಾರಿನಿಂದ ಇಳಿಯದೆಯೇ ಕೇಳಿದರು. "ಟೀಚರ್, ನೀವು ಮೊದಲು ಬರೆದ ಕರಡು ಐತೇನು ನಿಮ್ಮ ಹಂತ್ಯಾಕ?" ಹರಿದು ಹಾಕಿದೆ ಎಂದೆ. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ದಣಿದ ದನಿಯಲ್ಲಿ, "ಹರಿದಿದ್ರೂ ನನಗ ಬಾಯಿಪಾಠ ಐತಿ" ಎಂದು ಹೇಳಿ ಹೋದರು. ಕರಡು ನನ್ನ ಬಳಿ ಇದೆ. ಅದರ ನಕಲು ಈ ಪತ್ರದ ಜೊತೆ ತಮಗೂ ಪತ್ರಿಕೆಗೂ ತಲುಪಿದೆ.

ಪಟ್ಟಿ ಕೊಡಿ ಎಂದು ಕೇಳಿದ್ದಕ್ಕೆ ಅದು ಗೌಪ್ಯ ಎಂದು ಉತ್ತರಿಸಿದಿರಿ. ಯಾರಿಂದ ಗೌಪ್ಯ? ಆ ನಲವತ್ತೊಂದು ಜನರಿಂದಲೇ? ಆಗ ಅಲ್ಲಾಭಕ್ಷ್ ಮುಂದೆ ಬಂದರು. ಅವರಿಗೆ ಹೆಸರುಗಳು ನೆನಪಿರಲಿಲ್ಲ, ಓಣಿಗಳೂ ತೋಳುಗಳೂ ನೆನಪಿದ್ದವು. ನನ್ನ ಕರಡನ್ನೂ, ಓದಲು ತೆಗೆದುಕೊಂಡು ನನ್ನಲ್ಲೇ ಉಳಿದಿದ್ದ ಅಚ್ಚಾದ ಕಾಗದವನ್ನೂ ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿ, ಅವರು ಹೇಳಿದ ಮಾತು ತಮ್ಮ ನಾಲ್ಕು ಉತ್ತರಗಳಿಗಿಂತ ಭಾರವಾಗಿತ್ತು. "ಕಲೀಜ ಅಂದಿದ್ರ ಸಣ್ಣ ಕೂಸಿಗೂ ತಿಳೀತಿತ್ತಲ್ರಿ ಟೀಚರ್. ಕಲೀಜ ಕೆಡ್ತದ, ಜೀವ ಹೋಗ್ತದ. ಎರಡs ಮಾತು." ಪಿತ್ತಜನಕಾಂಗಕ್ಕೆ ಕಟುಕರ ಅಂಗಡಿಯಲ್ಲಿ ದಿನವೂ ಕೇಳಿಬರುವ ಆ ಶಬ್ದ ನನ್ನಂಥ ಓದಿದವಳಿಗೆ ಹೊಳೆದಿರಲಿಲ್ಲ.

ಏಪ್ರಿಲಿನಿಂದ ನಾವಿಬ್ಬರು ಭಾನುವಾರಗಳಂದು ಮನೆ ಹುಡುಕುತ್ತಿದ್ದೇವೆ. ಇಲ್ಲಿಯವರೆಗೆ ಸೂಗಮ್ಮನೂ ಸೇರಿ ಇಪ್ಪತ್ತೇಳು ಜನರ ಲೆಕ್ಕ ಸಿಕ್ಕಿದೆ. ಸೂಗಮ್ಮನದು ಒಂಟಿ ಪ್ರಕರಣ, ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ ಎಂದು ತಾವು ಬರೆದಿದ್ದೀರಿ. ಆ ಇಪ್ಪತ್ತೇಳರಲ್ಲಿ ಒಬ್ಬರಾದ, ಸಿಂಧನೂರಿನಲ್ಲಿ ಪಂಪು ರಿಪೇರಿ ಮಾಡುವ ಉಸ್ಮಾನ್‌ಸಾಬ್ ಅವರನ್ನು ಯಾರಾದರೂ ಬಂದು ಕೇಳಿದ್ದರೆ? ಜನವರಿಯಲ್ಲಿ ಅವರ ಕಣ್ಣೂ ಹಳದಿಯಾಗಿದ್ದವು. ಅವರು ನಾಟಿ ಔಷಧ ಕೊಡುವ ಮುದುಕಿಯ ಬಳಿ ಹೋದರು. ಆಕೆ ಒಂದು ಸೊಪ್ಪಿನ ರಸ ಕುಡಿಸಿ, "ಇಂಗ್ಲಿಷ್ ಗುಳಿಗಿ ಒಂದೂ ಮುಟ್ಟಬ್ಯಾಡ" ಎಂದು ಆಣೆ ಹಾಕಿಸಿದಳು. ಅವರು ಬದುಕಿದ್ದಾರೆ. ರಸದ ಗುಣವೋ ಆಣೆಯ ಗುಣವೋ ನಾನು ಹೇಳಲಾರೆ. ಆದರೆ ವಿಜ್ಞಾನ ಓದಿದ ನಾನು 'ಬಿಡಬ್ಯಾಡ' ಎಂದೆ, ಆ ಮುದುಕಿ 'ಮುಟ್ಟಬ್ಯಾಡ' ಎಂದಳು. ಯಾರ ರೋಗಿ ಉಳಿದರು?

ಜೂನ್‌ನಲ್ಲಿ ಜವಳಗೇರಾದಲ್ಲಿ ಪಕೀರಪ್ಪನ ಮನೆ ಸಿಕ್ಕಿತು. ಜೀಪು ಬಂದ ದಿನ ಅವನು ಗದ್ದೆಯಲ್ಲಿದ್ದನಂತೆ, ಮಾತ್ರೆಗಳು ಮನೆಯಲ್ಲಿಯೇ ಉಳಿದಿದ್ದವು. ಮುಗಿದುಹೋಗಬಾರದೆಂದು ದಿನ ಬಿಟ್ಟು ದಿನ ಒಂದರಂತೆ ನುಂಗುತ್ತಿದ್ದ. ನನ್ನನ್ನು ಕಂಡವನೇ ಖುಷಿಯಿಂದ ಕಾಲು ತೋರಿಸಿದ, ಹುಣ್ಣು ಮಾಯ್ದಿತ್ತು. "ಮತ್ತ ತಂದೀರೇನ್ರಿ ಅಕ್ಕೋರ?" ಎಂದ. ನಾನು ಚೀಲದಿಂದ ಕರಡು ತೆಗೆದು ಆರನೆಯ ಪುಟ ಓದಿದೆ. ಈ ಸಲ ಕಲೀಜ ಎಂದೆ, ಸಾವು ಎಂದೆ, ಸೂಗಮ್ಮನ ಹೆಸರು ಹೇಳಿದೆ.

"ಇನ್ನೊಮ್ಮೆ ಓದ್ರಿ," ಎಂದ. ಓದಿದೆ.

"ಅವತ್ತು ನಾ ಇದನ್ನs ಕೇಳಿದ್ದೆನಲ್ರಿ. ನೀವು ಬ್ಯಾರೆ ಓದಿದ್ರಿ."

"ಹೌದು ಪಕೀರಪ್ಪ. ಇದು ಕಾಗದದಾಗ ಇತ್ತು. ನಾನs ತಗದೆ."

ಅವನು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗೆ ಹೋಗಿ, ಉಳಿದಿದ್ದ ಹದಿನಾಲ್ಕು ಮಾತ್ರೆಗಳನ್ನು ತಂದು ನನ್ನ ಕೈಗೆ ಹಾಕಿದ. ಅಲ್ಲಾಭಕ್ಷ್ ರಕ್ತ ತೆಗೆದುಕೊಂಡರು. ದೇವರು ದೊಡ್ಡವನು, ಅವನ ಕಲೀಜಕ್ಕೆ ಏನೂ ಆಗಿರಲಿಲ್ಲ. ಆದರೆ ನಾವು ಹೊರಡುವಾಗ ಅವನು ಕೇಳಿದ ಪ್ರಶ್ನೆಯನ್ನು ತಮಗೆ ಮುಟ್ಟಿಸಲೇಬೇಕು: "ಗುಳಿಗಿ ಕೊಟ್ಟವ್ರೂ ನೀವs, ಬಿಡು ಅನ್ನೋರೂ ನೀವs. ಇನ್ನ ನನ್ನ ಕಾಲಿಗೆ ಏನ್ ಕೊಡ್ತೀರಿ?"

ಸೆಪ್ಟೆಂಬರಿನಲ್ಲಿ ಅವನ ಹುಣ್ಣು ಮತ್ತೆ ಬಾಯಿ ಬಿಟ್ಟಿದೆ. ಮೊನ್ನೆ ಎರಡು ಬೆರಳು ತೆಗೆದಿದ್ದಾರೆ.

ಈಗ ನನ್ನ ಬೇಡಿಕೆ. ಔಷಧದ ಸಂಶೋಧನೆಯನ್ನೇ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಮಾಯ್ದ ಕಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೋಶಕೇಂದ್ರದ ಆ ಬಾಗಿಲು ನಿಜ, ಅದನ್ನು ತಟ್ಟುವ ಒಳ್ಳೆಯ ಮಾತ್ರೆ ನಾಳೆ ಬರಲಿ. ನಾನು ಕೇಳುವುದು ಆ ಪಟ್ಟಿಯನ್ನು. ಇನ್ನೂ ಹದಿನಾಲ್ಕು ಜನ ಈ ಮೂರು ಊರುಗಳ ಸುತ್ತ ಎಲ್ಲೋ ಇದ್ದಾರೆ, ಅಥವಾ ಇಲ್ಲ. ಇದ್ದವರ ರಕ್ತ ಪರೀಕ್ಷೆಯಾಗಬೇಕು. ಇಲ್ಲದವರ ಮನೆಯವರಿಗೆ ಕಾರಣ ತಿಳಿಯಬೇಕು. ಪ್ರಯೋಗಕ್ಕೆ ಮೈಕೊಟ್ಟು, ಮಾತ್ರೆ ನಿಂತ ಮೇಲೆ ನಡುನೀರಿನಲ್ಲಿ ಉಳಿದ ಪಕೀರಪ್ಪನಂಥವರ ಚಿಕಿತ್ಸೆಯನ್ನು ಕಂಪನಿ ಹೊರಬೇಕು, ಹೊರುವಂತೆ ತಾವು ಮಾಡಬೇಕು. 'ಸಾಕ್ಷರರಾಗಿದ್ದು' ಎಂಬ ಶಬ್ದವನ್ನು ತಮ್ಮ ಕಡತದಿಂದ ಹೊಡೆದುಹಾಕಿ, ಮುಚ್ಚಿದ ಪ್ರಕರಣವನ್ನು ತೆರೆಯಿರಿ. ತೆರೆದಾಗ ಮೊದಲು ನನ್ನನ್ನು ಕರೆಸಿ. ನಲವತ್ತೊಂದು ಕಾಗದಗಳ ಮೇಲೂ ಸಾಕ್ಷಿಯ ಸಹಿ ನನ್ನದು, ಅವು ಸುಳ್ಳು ಎಂದು ಹೇಳಬಲ್ಲ ಸಾಕ್ಷಿಯೂ ನಾನೇ. ಅದಕ್ಕೆ ಏನು ಶಿಕ್ಷೆಯೋ ನನಗೆ ಗೊತ್ತಿಲ್ಲ. ಮುಖ್ಯೋಪಾಧ್ಯಾಯಿನಿಯವರಿಗೆ ಈ ಪತ್ರದ ಪ್ರತಿ ಕೊಟ್ಟಿದ್ದೇನೆ, ಮನೆಯಲ್ಲೂ ಹೇಳಿದ್ದೇನೆ.

ಬರುವ ಭಾನುವಾರ ಅಲ್ಲಾಭಕ್ಷ್ ಮತ್ತು ನಾನು ಲಿಂಗಸುಗೂರಿನ ಆಚೆಯ ಹಳ್ಳಿಗಳಿಗೆ ಹೋಗುತ್ತೇವೆ. ತಮ್ಮ ಪಟ್ಟಿ ಅಷ್ಟರೊಳಗೆ ಬಂದರೆ ಹದಿನಾಲ್ಕು ಮನೆ ಎರಡು ವಾರದ ಕೆಲಸ. ಬಾರದಿದ್ದರೆ ಓಣಿ ಓಣಿ ತಿರುಗಿ, ಇಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಬಾಗಿಲು ತಟ್ಟುತ್ತೇವೆ. ತೆರೆದವರಿಗೆ ಮೊದಲು ನನ್ನ ಹೆಸರು ಹೇಳುತ್ತೇನೆ, ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ, ಆಮೇಲೆ ಅವರ ಕಣ್ಣು ನೋಡುತ್ತೇನೆ.

ಇಂತಿ,
ಓದಲು ಬಂದರೂ ಓದದೆ ಹೋದವಳು,
ಶೇಖರಮ್ಮ
ವಿಜ್ಞಾನ ಶಿಕ್ಷಕಿ, ಮಸ್ಕಿ
ನವೆಂಬರ್ ೧೯೯೯